ಕೆಂಪೋ, ಕಿತ್ತಳೆಯೋ? ಐಗಳಿಯ ದ್ರಾಕ್ಷಿತೋಟದಲ್ಲೊಂದು ಧರ್ಮಸಂಕಟ

ಅಥಣಿಯ ಪೇಟೆಯನ್ನು ಹಿಂದೆ ಬಿಟ್ಟು ವಿಜಯಪುರದ ರಸ್ತೆ ಹಿಡಿದು ಮೂಡಲಿಗೆ ಸಾಗುವವರಿಗೆ, ಕೃಷ್ಣೆಯ ದಂಡೆಯ ಕಬ್ಬಿನ ಹಸುರು ಸ್ವಲ್ಪಸ್ವಲ್ಪವಾಗಿ ಹಿಂದೆ ಸರಿಯುತ್ತ, ಬಯಲು ಬಿಸಿಲಿಗೆ ಮೈಯೊಡ್ಡಿ ಮಲಗಿರುವುದು ಕಾಣುತ್ತದೆ. ಇದು ಮಳೆನೆರಳಿನ ನಾಡು. ಜೋಳ, ಕಡಲೆ, ತೊಗರಿಗಳನ್ನು ನಂಬಿ ಬದುಕಿದ ಈ ಸೀಮೆಯಲ್ಲಿ, ಈಗ ರಸ್ತೆಯ ಎರಡೂ ಬದಿಗೆ ಕಲ್ಲಿನ ಕಂಬ, ಕಬ್ಬಿಣದ ಕಮಾನು, ತಂತಿಗಳ ಸಾಲು ಕಣ್ಣು ಹಾಯುವವರೆಗೂ ಹಬ್ಬಿದೆ. ಅದರ ಮೇಲೆ ಹರಡಿಕೊಂಡಿರುವುದು ದ್ರಾಕ್ಷಿಯ ಬಳ್ಳಿ. ಐಗಳಿ ಕ್ರಾಸಿನಲ್ಲಿ ಬಸ್ಸಿನಿಂದ ಇಳಿದ ಪ್ರಯಾಣಿಕನಿಗೆ ಚಹದ ಅಂಗಡಿಗಿಂತ ಮೊದಲು ಕಣ್ಣಿಗೆ ಬೀಳುವುದು ಔಷಧ ಸಿಂಪಡಿಸುವ ಟ್ರಾಕ್ಟರುಗಳೇ.

ಐಗಳಿಯ ದ್ರಾಕ್ಷಿಯಲ್ಲಿ ಬಹುಪಾಲು ತಟ್ಟೆಯ ಹಣ್ಣಾಗಿ ಊರು ಬಿಡುವುದಿಲ್ಲ. ಫಾಲ್ಗುಣ, ಚೈತ್ರದ ಬಿಸಿಗಾಳಿಯಲ್ಲಿ ಅದು ಇಲ್ಲಿಯೇ ಒಣಗಿ ಮಣೂಕವಾಗುತ್ತದೆ. ಕೊಯ್ದ ಗೊಂಚಲನ್ನು ಕ್ಷಾರದ ನೀರು ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರದಲ್ಲಿ ಹಲವು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿದರೆ, ಸುಮಾರು ಎರಡು ವಾರಗಳಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗಿ ಕುಗ್ಗುತ್ತದೆ. ಅದು ಸಾಂಗಲಿ, ತಾಸಗಾಂವ, ವಿಜಯಪುರಗಳ ಹರಾಜುಕಟ್ಟೆಯನ್ನು ಮುಟ್ಟಿದ ಮೇಲೆಯೇ ಮನೆಯ ಮದುವೆ, ಮಕ್ಕಳ ಶುಲ್ಕ, ಬ್ಯಾಂಕಿನ ಕಂತುಗಳ ಮಾತು. ಪಟ್ಟಣದ ಗೃಹಿಣಿ ಪಾಯಸಕ್ಕೆಂದು ತುಪ್ಪದಲ್ಲಿ ಹುರಿಯುವ ಒಂದು ಹಿಡಿ ಒಣದ್ರಾಕ್ಷಿಯ ಹಿಂದೆ ಇಷ್ಟೆಲ್ಲ ಲೆಕ್ಕಾಚಾರ ಅಡಗಿದೆ.

ದ್ರಾಕ್ಷಿಗೆ ವರ್ಷಕ್ಕೆ ಎರಡು ಬಾರಿ ಕತ್ತರಿ ಹಾಕುತ್ತಾರೆ. ಮರಾಠಿಯಿಂದ ಬಂದ ಮಾತಿನಲ್ಲಿ ಇಲ್ಲಿನವರು ಅದನ್ನು ‘ಚಾಟ್ನಿ’ ಎನ್ನುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿಯನ್ನು ಬೆಳೆಸುವುದಕ್ಕೆ. ಅಕ್ಟೋಬರ್ ಚಾಟ್ನಿ ಹಣ್ಣಿಗೆ. ವರ್ಷದ ಭವಿಷ್ಯವೆಲ್ಲ ಈ ಎರಡನೆಯ ಕತ್ತರಿಯ ನಂತರದ ಕೆಲವು ವಾರಗಳಲ್ಲಿ ಅಡಕವಾಗಿರುತ್ತದೆ. ಎಳೆಯ ಎಲೆ ಹೊರಟು, ಹೂಗೊಂಚಲು ಕಣ್ಣು ಬಿಡುವ ಹೊತ್ತಿಗೆ ಹಿಂಗಾರಿನ ಮಳೆಯೊಂದು ಬಿದ್ದು, ಮೋಡ ಕವಿದು, ಎಲೆಯ ಮೇಲಿನ ನೀರು ಆರದೆ ನಿಂತಿತೆಂದರೆ ಬೆಳೆಗಾರನ ನಿದ್ರೆ ಹಾರಿಹೋಗುತ್ತದೆ. ಪುಸ್ತಕಗಳಲ್ಲಿ ಬೂಜು ತುಪ್ಪಟ ರೋಗವೆಂದೂ ತೋಟದಲ್ಲಿ ದಾವಣಿಯೆಂದೂ ಕರೆಯುವ ಪೀಡೆಗೆ ಬೇಕಾದದ್ದು ಒದ್ದೆಯಾದ ಎಲೆ ಮತ್ತು ಕೆಲವೇ ಗಂಟೆಗಳ ಅವಕಾಶ. ಎಲೆಯ ಮೇಲೆ ಎಣ್ಣೆಯಂಥ ಕಲೆ, ಅಡಿಯಲ್ಲಿ ಬಿಳಿಯ ತುಪ್ಪಟ, ಆಮೇಲೆ ಗೊಂಚಲೇ ಕಂದಿ ಉದುರುವುದು.

ಈ ರೋಗ ಐಗಳಿಯ ದುರದೃಷ್ಟ ಮಾತ್ರವಲ್ಲ. ಅಮೆರಿಕದಿಂದ ಬಳ್ಳಿಗಳ ಜೊತೆಗೆ ಸಾಗಿಬಂದ ಇದು 1878ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡು ಅಲ್ಲಿನ ತೋಟಗಳನ್ನು ನಡುಗಿಸಿತ್ತು. ಬೋರ್ಡೊ ಪ್ರಾಂತದಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣಗಳನ್ನು ಎರಚುವ ರೂಢಿಯಿತ್ತು. ಹಾಗೆ ಎರಚಿದ ಬಳ್ಳಿಗಳಿಗೇ ರೋಗ ತಗುಲದ್ದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿದ. 1885ರಲ್ಲಿ ಬೋರ್ಡೊ ದ್ರಾವಣ ಲೋಕಕ್ಕೆ ಪರಿಚಯವಾಯಿತು. ಕಳ್ಳರ ಭಯದಿಂದ ಹುಟ್ಟಿದ ಮದ್ದು ಇಂದಿಗೂ ದ್ರಾಕ್ಷಿಯನ್ನು ಕಾಯುತ್ತಿದೆ. ಆದರೆ ಯಾವ ಮದ್ದಾದರೂ ಹೊತ್ತಿಗೆ ಸರಿಯಾಗಿ ಎಲೆಗೆ ತಗುಲಬೇಕು. ನಾಳಿನ ಸಿಂಪಡಣೆ ಇಂದಿನ ಸಿಂಪಡಣೆಯಾಗಲಾರದು.

ಐಗಳಿಯ ಟ್ರಾಕ್ಟರಿನ ಮಹಿಮೆಯೆಲ್ಲ ಇಲ್ಲಿದೆ. ಟ್ರಾಕ್ಟರಿನ ಹಿಂದೆ ಐದಾರು ನೂರು ಲೀಟರಿನ ತೊಟ್ಟಿ, ಅದಕ್ಕೊಂದು ದೊಡ್ಡ ಫಂಕ. ಟ್ರಾಕ್ಟರಿನ ಹಿಂಬದಿಯ ದಂಡ ನಿಮಿಷಕ್ಕೆ 540 ಸುತ್ತು ತಿರುಗಿ ಆ ಫಂಕವನ್ನು ನಡೆಸುತ್ತದೆ. ಔಷಧ ಮಂಜಾಗಿ ಎಲೆಯಡಿಗೂ ನುಗ್ಗುತ್ತದೆ. ಇದನ್ನು ಎಲ್ಲರೂ ‘ಬ್ಲೋವರ್’ ಎನ್ನುತ್ತಾರೆ. ಮಳೆ ನಿಂತ ಮರುಗಳಿಗೆಯಲ್ಲಿ ಊರಿನ ಎಲ್ಲ ಬ್ಲೋವರುಗಳೂ ಒಮ್ಮೆಗೇ ಹೊರಡುತ್ತವೆ. ಅಂದು ಬಾಡಿಗೆಗೆ ಯಂತ್ರ ಸಿಗದು, ನೆರೆಯವನನ್ನು ಕೇಳುವಂತಿಲ್ಲ. ಉಳುವ ಹೊತ್ತಿನಲ್ಲಿ ಟ್ರಾಕ್ಟರು ಕೆಟ್ಟರೆ ಎರಡು ದಿನ ತಡವಾದೀತು, ಅಷ್ಟೆ. ಮಳೆ ಹಿಡಿದ ಅಕ್ಟೋಬರಿನಲ್ಲಿ ಕೆಟ್ಟರೆ ವರ್ಷವೇ ಕೈಬಿಟ್ಟೀತು.

ಆದುದರಿಂದ ಯಾವ ಕಂಪೆನಿಯ ಟ್ರಾಕ್ಟರು ಎಂಬ ಪ್ರಶ್ನೆ ಇಲ್ಲಿ ಹರಟೆಯ ವಿಷಯವೂ ಹೌದು, ಹೊಟ್ಟೆಯ ವಿಷಯವೂ ಹೌದು. ಕಟ್ಟೆಯ ಮೇಲೆ ಕುಳಿತವರು ಬಣ್ಣದಿಂದಲೇ ಪಕ್ಷ ಹಿಡಿಯುತ್ತಾರೆ. ಮಹೀಂದ್ರಾ, ಮ್ಯಾಸಿ ಫರ್ಗ್ಯೂಸನ್ನುಗಳ ಕೆಂಪು ಒಂದು ಪಕ್ಷ. ಹಳದಿ ಗಾಲಿಯ ಜಾನ್ ಡೀರಿನ ಹಸುರು ಇನ್ನೊಂದು. ನ್ಯೂ ಹಾಲೆಂಡಿನ ನೀಲಿ, ಕುಬೋಟಾದ ಕಿತ್ತಳೆ. ಹಿಂದೆ ಖಿಲಾರಿ ಎತ್ತು ಕೊಳ್ಳುವಾಗ ಹಲ್ಲು, ಸುಳಿ, ಗೊರಸು ನೋಡಿ, ಯಾರ ಕೊಟ್ಟಿಗೆಯದೆಂದು ವಿಚಾರಿಸಿ, ಒಂದೇ ಮನೆಯಿಂದ ತಲೆಮಾರುಗಟ್ಟಲೆ ಜೋಡಿ ತರುತ್ತಿದ್ದವರ ಮೊಮ್ಮಕ್ಕಳು ಇವರು. ಕೊಟ್ಟಿಗೆಯ ಮೇಲಿನ ಆ ನಿಷ್ಠೆ ಈಗ ಬಣ್ಣದ ಮೇಲೆ ಬಂದು ಕುಳಿತಿದೆ.

ಸುಲಭವಾಗಿ ಹೊಸದನ್ನು ನಂಬುವ ಸ್ವಭಾವ ಈ ನೆಲದ್ದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದವರು, 1903ರ ಸುಮಾರಿಗೆ ಕಬ್ಬಿಣದ ನೇಗಿಲು ಮಾಡಿ ರೈತರ ಮುಂದೆ ಇಟ್ಟಾಗ, ಕಬ್ಬಿಣ ತಗುಲಿದರೆ ನೆಲ ವಿಷವಾಗುವುದೆಂದು ಜನ ಹಿಂದೆ ಸರಿದರಂತೆ. ಮೊದಲ ಕೆಲವು ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂಬುದು ಪ್ರಸಿದ್ಧವಾದ ಕಥೆ. ಆಮೇಲೆ 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಇಂದು ಅದು ಅಥಣಿಯ ನೆರೆಯ ಸಾಂಗಲಿ ಜಿಲ್ಲೆಯಲ್ಲಿದೆ. ವಿನೋದವೆಂದರೆ, ಹಸುರು ಪಕ್ಷದ ಮೂಲಪುರುಷ ಜಾನ್ ಡೀರ್ ಕೂಡ ನೇಗಿಲಿನವನೇ. ಅಮೆರಿಕದ ಇಲಿನಾಯ್ ಪ್ರಾಂತದ ಕಮ್ಮಾರನಾಗಿದ್ದ ಆತ ತನ್ನ ಉಕ್ಕಿನ ನೇಗಿಲನ್ನು ಮಾಡಿದ್ದು 1837ರಲ್ಲಿ.

ಆದರೆ ಬಣ್ಣವನ್ನು ನಂಬಿದವರು ಒಮ್ಮೆ ಕಂಪೆನಿಗಳ ವಂಶಾವಳಿಯನ್ನು ತಿರುವಿ ಹಾಕುವುದು ಒಳ್ಳೆಯದು. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿ 1963ರಲ್ಲಿ ಟ್ರಾಕ್ಟರು ಆರಂಭಿಸಿದ ಮಹೀಂದ್ರಾ ಮನೆತನಕ್ಕೆ, ಪಂಜಾಬಿನಲ್ಲಿ 1974ರಲ್ಲಿ ಹೊರಬಂದ ಅಪ್ಪಟ ದೇಶೀ ವಿನ್ಯಾಸದ ಸ್ವರಾಜ್ ದೀರ್ಘಕಾಲದ ಪ್ರತಿಸ್ಪರ್ಧಿ. 2007ರಲ್ಲಿ ಮಹೀಂದ್ರಾ ಸ್ವರಾಜನ್ನೇ ಕೊಂಡುಕೊಂಡಿತು. ಅಂದರೆ ಮಹೀಂದ್ರಾದ ಮೇಲೆ ಮುನಿಸಿಕೊಂಡು ಸ್ವರಾಜಿನ ಅಂಗಡಿಯ ಮೆಟ್ಟಿಲು ಹತ್ತುವವನು, ಮುಂಬಾಗಿಲಿನಿಂದ ಹೊರಟು ಹಿತ್ತಿಲ ಬಾಗಿಲಿನಿಂದ ಅದೇ ಮನೆಯನ್ನು ಹೊಕ್ಕಂತೆ! 1959ರಲ್ಲಿ ಭಾರತದಲ್ಲೇ ತಯಾರಾದ ಮೊದಲ ಟ್ರಾಕ್ಟರೆಂಬ ಹಿರಿಮೆಯ ಐಷರ್, 2005ರಲ್ಲಿ ಮದರಾಸಿನ ಟಾಫೆ ಕಂಪೆನಿಯ ಪಾಲಾಯಿತು. ಮ್ಯಾಸಿ ಫರ್ಗ್ಯೂಸನ್ ತಯಾರಿಸುವವರೂ ಅವರೇ. ಎಸ್ಕಾರ್ಟ್ಸ್ 2022ರಲ್ಲಿ ಜಪಾನಿನ ಕುಬೋಟಾದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡಿತು. ಬಾನೆಟ್ಟಿನ ಮೇಲಿನ ಹೆಸರು ಅದೇ. ಒಡೆಯ ಮಾತ್ರ ಬೇರೆ.

ಎಚ್ಚೆಮ್ಟಿಯದು ಇವೆಲ್ಲಕ್ಕಿಂತ ಕರುಣಾಜನಕವಾದ ಕಥೆ. ಕನ್ನಡಿಗರಿಗೆ ಕೈಗಡಿಯಾರದಿಂದ ಪರಿಚಿತವಾದ ಬೆಂಗಳೂರಿನ ಈ ಸರ್ಕಾರಿ ಸಂಸ್ಥೆ, ಚೆಕೊಸ್ಲೊವಾಕಿಯದ ಜೆಟರ್ ವಿನ್ಯಾಸವನ್ನು ತಂದು 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರಾಕ್ಟರು ಮಾಡತೊಡಗಿತು. ಎಳೆತಕ್ಕೆ ಅದನ್ನು ಮೀರಿಸಿದ್ದಿಲ್ಲವೆಂದು ಆಣೆಯಿಡುವ ಹಿರಿಯರು ಈಗಲೂ ಉಂಟು. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನು ಮುಚ್ಚುವ ನಿರ್ಧಾರ ಕೈಗೊಂಡಿತು. ನಿಷ್ಠಾವಂತರು ಹೊಸ ಹೆಸರನ್ನು ಅರಸಿ ಹೋಗಲಿಲ್ಲ. ಹೆಸರೇ ಅವರನ್ನು ಬಿಟ್ಟುಹೋಯಿತು.

ಇಷ್ಟನ್ನು ತಿಳಿದ ಮೇಲೆ ಐಗಳಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಇಂಥ ಮನೆಗಳು ಆ ಸೀಮೆಯಲ್ಲಿ ವಿರಳವಲ್ಲ. ನಾಲ್ಕು ಎಕರೆ ದ್ರಾಕ್ಷಿ. ಅಂಗಳದಲ್ಲಿ ಮೂವತ್ತೈದು ಕುದುರೆಬಲದ ಹಳೆಯ ಕೆಂಪು ಟ್ರಾಕ್ಟರು. ಅದರಿಂದಲೇ ಮಡ್ಡಿ ಒಡೆದು ತೋಟ ಮಾಡಿದ್ದು, ಅದರ ಟ್ರೇಲರಿನಲ್ಲೇ ಮಗಳ ಮದುವೆಯ ದಿಬ್ಬಣ ಹೋದದ್ದು. ಆದರೆ ಅದರ ಅಗಲ ಐದೂವರೆ ಅಡಿ. ಒಂಬತ್ತು ಹತ್ತು ಅಡಿಯ ಸಾಲಿನಲ್ಲಿ, ಎರಡೂ ಕಡೆಯಿಂದ ಬಳ್ಳಿ ಬಾಗಿರುವಾಗ, ಅದರ ಭುಜ ಎಳೆಯ ಕಡ್ಡಿಗಳನ್ನು ತರಚಿಕೊಂಡೇ ಸಾಗುತ್ತದೆ. ತೋಟಗಳಿಗೆಂದೇ ಬಂದ ಕಿರಿಯ ಟ್ರಾಕ್ಟರುಗಳು ಹೆಚ್ಚುಕಡಿಮೆ ನಾಲ್ಕು ಅಡಿಯೊಳಗಿನವು. ಮಹೀಂದ್ರಾದ ಹದಿನೈದು ಕುದುರೆಬಲದ ಯುವರಾಜ್ ಇದೆ. ಬೆಂಗಳೂರಿನ ವಿಎಸ್‌ಟಿಯವರ ಶಕ್ತಿ ಇದೆ. ಇಪ್ಪತ್ತನಾಲ್ಕು ಕುದುರೆಬಲದ ಕಿತ್ತಳೆ ಬಣ್ಣದ ಕುಬೋಟಾ ಇದೆ. ಮಗನ ಕಣ್ಣು ಈ ಕೊನೆಯದರ ಮೇಲೆ. 2025ರ ಸೆಪ್ಟೆಂಬರಿನಲ್ಲಿ ಟ್ರಾಕ್ಟರಿನ ಮೇಲಿನ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿದದ್ದು ಅವನ ವಾದಕ್ಕೆ ಬಲ ಕೊಟ್ಟಿದೆ.

“ಅಪ್ಪಾ, ಸಣ್ಣದೈತಿ. ಬಳ್ಳಿಗೆ ತಾಗೂದಿಲ್ಲ. ಎಣ್ಣಿನೂ ಕಡಿಮಿ ಕುಡಿತೈತಿ.”

“ತಾಗೂದಿಲ್ಲ ಖರೆ. ಮುರದ್ರ ಅದರ ಸಾಮಾನು ಎಲ್ಲಿ ಸಿಗತೈತಿ, ಅದನ್ನ ಹೇಳು ತಮ್ಮಾ.”

ಒಳಗಿನಿಂದ ತಾಯಿಯ ಮಾತು: “ಕಂತು ಮಣೂಕ ಮಾರಿದ ಮ್ಯಾಲ ತುಂಬೂದೋ, ಅದಕ್ಕೂ ಮೊದಲೋ? ಅದನ್ನ ಕೇಳಿಕೊಂಡು ಬಾ ಮೊದಲ.”

ಮೂವರ ಪ್ರಶ್ನೆಗಳಲ್ಲಿ ತಾಯಿಯದೇ ಹೆಚ್ಚು ವ್ಯವಹಾರಜ್ಞಾನದ್ದೆಂದರೆ ತಪ್ಪಾಗಲಾರದು. ಆದರೆ ತಂದೆಯ ಮಾತನ್ನೂ ಹಳೆಯ ಕಾಲದ ಹಟವೆಂದು ತಳ್ಳಿಹಾಕುವಂತಿಲ್ಲ. ಹಳೆಯ ಟ್ರಾಕ್ಟರಿನ ಒಂದೊಂದು ತಿರುಪೂ ಕ್ರಾಸಿನ ಮಿಸ್ತ್ರಿಯ ಕೈಗೆ ಗೊತ್ತು. ಬೇವಿನ ಮರದಡಿ ಗೋಣಿತಟ್ಟು ಹಾಸಿ, ಪಂಪು ಬಿಚ್ಚಿ, ಸಂಜೆಯೊಳಗೆ ಎಬ್ಬಿಸಿ ಕೊಡುತ್ತಾನೆ. ಬಿಡಿಭಾಗ ಅಥಣಿಯಲ್ಲಿ ಇಲ್ಲದಿದ್ದರೆ ಸಾಂಗಲಿಯಿಂದ ಬರುತ್ತದೆ. ಹೊಸ ಬಣ್ಣಕ್ಕೆ ಹಾರುವವನು ಈ ಮಿಸ್ತ್ರಿಯನ್ನೂ ಒಂದರ್ಥದಲ್ಲಿ ಬಿಟ್ಟುಹೋಗುತ್ತಾನೆ. ಅಮೆರಿಕದ ರೈತರು ಇದೇ ತಂಟೆಯಲ್ಲಿ ಸಿಕ್ಕಿಕೊಂಡಿದ್ದಾರೆ: ಗಣಕ ಅಳವಡಿಸಿದ ಯಂತ್ರವನ್ನು ತಾವೇ ದುರಸ್ತಿ ಮಾಡಿಕೊಳ್ಳುವ ಹಕ್ಕಿಗಾಗಿ ಅವರು ವರ್ಷಗಟ್ಟಲೆ ಹೋರಾಡಿ, 2023ರಲ್ಲಿ ಅಲ್ಲಿನ ರೈತಸಂಘಟನೆಯೊಂದು ಜಾನ್ ಡೀರ್ ಕಂಪೆನಿಯೊಡನೆ ಒಡಂಬಡಿಕೆ ಮಾಡಿಕೊಂಡಿತು, 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗವೇ ಆ ಕಂಪೆನಿಯ ಮೇಲೆ ದಾವೆ ಹೂಡಿತು. ನಮ್ಮಲ್ಲಿ 2023ರಿಂದ ಐವತ್ತು ಕುದುರೆಬಲ ಮೀರಿದ ಹೊಸ ಟ್ರಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿ, ವಿದ್ಯುನ್ಮಾನ ಇಂಧನವ್ಯವಸ್ಥೆ ಬಂದಿದೆ. ಐಗಳಿಯ ಪುಟ್ಟ ಟ್ರಾಕ್ಟರುಗಳು ಆ ಮಿತಿಯ ಕೆಳಗಿರುವುದು ಸದ್ಯಕ್ಕೆ ಸಮಾಧಾನ. ಮಿಸ್ತ್ರಿಯ ಪಾನೆಗೆ ಇನ್ನೂ ಬೆಲೆಯಿದೆ.

ಹಾಗೆಂದು ಹಳೆಯದಕ್ಕೇ ಅಂಟಿಕೊಂಡರೆ ನಷ್ಟವಿಲ್ಲವೆ? ಪ್ರತಿ ಸಿಂಪಡಣೆಗೂ ಒಂದಿಷ್ಟು ಕಡ್ಡಿ ಮುರಿಯುತ್ತದೆ. ಒಂದು ಹಂಗಾಮಿನಲ್ಲಿ ಸಿಂಪಡಣೆ ಎಷ್ಟು ಬಾರಿ ಎಂಬುದನ್ನು ಬೆರಳು ಮಡಿಸಿ ಎಣಿಸಲಾಗದು. ಮುರಿದ ಕಡ್ಡಿಯಲ್ಲಿ ಗೊಂಚಲಿಲ್ಲ. ಈ ಲೆಕ್ಕವನ್ನು ಮಗ ಹೇಳಿದಾಗ ತಂದೆ ಉತ್ತರ ಕೊಡದೆ ತೋಟಕ್ಕೆ ಹೋಗಿ, ಸಾಲಿನ ನಡುವೆ ನಿಂತು, ತರಚಿದ ಕಡ್ಡಿಗಳನ್ನು ಮುಟ್ಟಿ ಮುಟ್ಟಿ ನೋಡುತ್ತಾನೆ. ಹಳೆಯ ಬಂಟ ತನಗೇ ಪೆಟ್ಟು ಕೊಡುತ್ತಿದ್ದಾನೆಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಕೊನೆಗೆ ಅವನು ಹಾಕಿದ ಷರತ್ತು ಒಂದೇ. ಅದೇ ಕೆಂಪು ಕಂಪೆನಿಯ ಕಿರಿಯ ಟ್ರಾಕ್ಟರಿನ ಮಾರಾಟಗಾರನಿಗೂ ಕಿತ್ತಳೆಯ ಮಾರಾಟಗಾರನಿಗೂ ರವಿವಾರ ಸಂಜೆ ಫೋನು ಮಾಡಬೇಕು. ಕೊಳ್ಳುವವರೆಂದು ಹೇಳಕೂಡದು, ತೋಟದಲ್ಲಿ ಗಾಡಿ ಕೆಟ್ಟು ನಿಂತಿದೆಯೆಂದು ಹೇಳಬೇಕು. ಮಗ ನಗುತ್ತಲೇ ಒಪ್ಪಿದ. ಒಂದು ಕಡೆ ಗಂಟೆ ಬಾರಿಸಿ ಬಾರಿಸಿ ತಾನೇ ಸುಮ್ಮನಾಯಿತು. ಇನ್ನೊಂದು ಕಡೆ ಮೂರನೆಯ ಗಂಟೆಗೆ ದನಿ ಬಂತು. ಯಾವ ಊರು, ಯಾವ ಮಾದರಿ, ಬ್ಲೋವರು ಹೂಡಿದೆಯೋ ಇಲ್ಲವೋ ಎಂದೆಲ್ಲ ವಿಚಾರಿಸಿತು. ಎತ್ತಿದವನು ಯಾವ ಬಣ್ಣದವನೆಂಬುದನ್ನು ವಾಚಕರ ಊಹೆಗೆ ಬಿಡಬಹುದು. ಬೇರೊಂದು ರವಿವಾರ ಫಲ ತಿರುಗುಮುರುಗಾಗಿದ್ದರೂ ಇದ್ದೀತು.

ಖಂಡೆನವಮಿಯ ಹೊತ್ತಿಗೆ ಪುಟ್ಟ ಟ್ರಾಕ್ಟರು ಅಂಗಳಕ್ಕೆ ಬಂತು. ಹಳೆಯದನ್ನು ಮಾರಲಿಲ್ಲ, ಮಣೂಕದ ಪೆಟ್ಟಿಗೆ ಹೊರಲು, ಗೊಬ್ಬರ ಎಳೆಯಲು ಅದೇ ಬೇಕು. ಎರಡಕ್ಕೂ ಚೆಂಡುಹೂವಿನ ಮಾಲೆ, ಎರಡರ ಗಾಲಿಗೂ ನಿಂಬೆಹಣ್ಣು. ಕಾಯಿ ಒಡೆದಾದ ಮೇಲೆ ಮಗ ಹೊಸದನ್ನು ತೋಟದ ಸಾಲಿಗೆ ಇಳಿಸಿದ. ಅದು ಬಳ್ಳಿಗಳ ನಡುವೆ ಎಲೆಯೊಂದನ್ನೂ ಅಲುಗಿಸದೆ ಆ ತುದಿ ಮುಟ್ಟಿ ಬಂತು. ತಂದೆ ಅದರ ಹಿಂದೆಯೇ ನಡೆದು ಹೋಗಿ, ನಡೆದು ಬಂದು, ಹೆಗಲ ಮೇಲಿನ ಟವಲಿನಿಂದ ಬಾನೆಟ್ಟಿನ ಧೂಳು ಒರೆಸಿದ. ಆಮೇಲೆ ಕ್ರಾಸಿನ ಮಿಸ್ತ್ರಿಯನ್ನು ಊಟಕ್ಕೆ ಕರೆದುಕೊಂಡು ಬರುವಂತೆ ಮಗನನ್ನು ಕಳುಹಿಸಿದ.