ಕಾಳಿ ಹೊಳೆಯ ಆಚೆಯ ಗಾಡಿ

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ಹೊಳೆಯ ಹಳೆ ಸೇತುವೆ ಕುಸಿದು ಬಿತ್ತು. ಕೋಡಿಬಾಗವನ್ನೂ ಸದಾಶಿವಗಡವನ್ನೂ ನಲವತ್ತೊಂದು ವರ್ಷ ಜೋಡಿಸಿಟ್ಟಿದ್ದ ಸೇತುವೆ ಅದು. ಮೇಲೆ ಹೋಗುತ್ತಿದ್ದ ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಜೀವಂತ ಎತ್ತಿದರು ಎಂಬ ಸುದ್ದಿ ಬೆಳಿಗ್ಗೆ ಅಂಕೋಲೆಯ ಪೇಟೆಗೆ ಬಂದಾಗ ಎಲ್ಲರೂ ಒಂದು ಉಸಿರು ಬಿಟ್ಟೆವು. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೇ ಗಂಗಾವಳಿಗೆ ತಳ್ಳಿತ್ತು. ಅಲ್ಲಿ ಕಾಣೆಯಾದವರ ಹುಡುಕಾಟವೇ ಇನ್ನೂ ಮುಗಿದಿರಲಿಲ್ಲ.

ಆ ವಾರದ ಶನಿವಾರ ನಾನು ಗೋವೆಯ ಮಾಪ್ಸಾಕ್ಕೆ ಹೋಗಿ ಒಂದು ಗಾಡಿ ನೋಡಿ ಬರುವವನಿದ್ದೆ. ಮಗನಿಗೆ ಕಾರವಾರದಲ್ಲಿ ಕೆಲಸ ಸಿಕ್ಕಿತ್ತು. ದಿನಾ ಮೂವತ್ತನಾಲ್ಕು ಕಿಲೋಮೀಟರ್ ಹೋಗಿ ಅಷ್ಟೇ ಬರಬೇಕು. 2018ರ ಹೋಂಡಾ ಯುನಿಕಾರ್ನ್, ಓಡಿದ್ದು ಇಪ್ಪತ್ತೊಂದು ಸಾವಿರ ಕಿಲೋಮೀಟರ್, ಹೇಳಿದ ಬೆಲೆ ಐವತ್ತೆಂಟು ಸಾವಿರ. ಪಕ್ಕದ ಹೊಸ ಸೇತುವೆಯನ್ನು ಪರೀಕ್ಷಿಸಿ ಸಂಚಾರಕ್ಕೆ ಬಿಟ್ಟಿದ್ದರು, ಆದರೂ ನನ್ನವಳು, “ಈ ಮಳೆಯಲ್ಲಿ ಹೊಳೆ ದಾಟೋದು ಬೇಡ” ಎಂದಳು. ನನಗೂ ಮನಸ್ಸಾಗಲಿಲ್ಲ. ಹಾಗಾಗಿ ಗಾಡಿಯನ್ನು ಕಣ್ಣಿನಿಂದ ನೋಡದೆ ಕಿವಿಯಿಂದ ಕೊಳ್ಳಬೇಕಾಯಿತು.

ನೋಡದೆ ಕೊಳ್ಳುವುದು ನಮ್ಮ ಮನೆಗೆ ಹೊಸದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಹುಬ್ಬಳ್ಳಿಯವರೊಬ್ಬರಿಂದ ಯೆಜ್ಡಿ ತರಿಸಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಅದರ ಗುಡುಗು ಮಾತ್ರ ನಮ್ಮ ವಯಸ್ಸಿನವರ ಕಿವಿಯಲ್ಲಿ ಇನ್ನೂ ಇದೆ. ವ್ಯವಹಾರವೆಲ್ಲ ಪೋಸ್ಟ್ ಕಾರ್ಡಿನಲ್ಲಿ. “ಗಾಡಿ ಚಲೋ ಐತಿ, ಚಿಂತಿ ಮಾಡಬ್ಯಾಡ್ರಿ” ಎಂದು ಬರೆದಿದ್ದರು. ಉಳ್ಳಾಗಡ್ಡಿ ಲಾರಿಯ ಮೇಲೆ ಅರಬೈಲು ಘಟ್ಟ ಇಳಿದು ಬಂತು. ಯೆಜ್ಡಿಯಲ್ಲಿ ಗೇರು ಹಾಕುವ ದಂಡವೇ ಕಿಕ್ಕರ್ ಕೂಡ. ಒಳಗೆ ಒತ್ತಿ ಮೇಲೆತ್ತಿದರೆ ಕಿಕ್ಕರ್ ಆಗುತ್ತದೆ. ನಮ್ಮದರಲ್ಲಿ ಅದರ ಹಲ್ಲು ಸವೆದಿತ್ತು, ಹತ್ತು ಸಲ ತುಳಿದರೆ ಏಳು ಸಲ ಜಾರುತ್ತಿತ್ತು. ಅಪ್ಪ ಸಿಟ್ಟಿನಲ್ಲಿ ಬರೆದ ಪತ್ರಕ್ಕೆ ಬಂದ ಉತ್ತರ ನನಗೆ ಈಗಲೂ ನೆನಪಿದೆ. ತಾನು ಯಾವಾಗಲೂ ದೂಡಿಯೇ ಚಾಲೂ ಮಾಡುತ್ತಿದ್ದೆ, ಅದಕ್ಕೇ ಕಿಕ್ಕರಿನ ಸುದ್ದಿ ಬರೆಯಲು ಹೊಳೆಯಲಿಲ್ಲ ಎಂದಿದ್ದರು ಆತ. ಮೋಸವಲ್ಲ ಅದು. ಅವರ ‘ಚಲೋ’ದೊಳಗೆ ದೂಡುವುದೂ ಸೇರಿತ್ತು, ಅಪ್ಪನ ‘ಚಲೋ’ದೊಳಗೆ ಸೇರಿರಲಿಲ್ಲ. ಒಂದೇ ಕನ್ನಡದ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇಷ್ಟು ಅಂತರವಿದ್ದರೆ, ಹೊಳೆಯಾಚೆಯ ಭಾಷೆಯಲ್ಲಿ ಎಷ್ಟಿರಬೇಕು!

ನನ್ನ ಅತ್ತಿಗೆಯದು ಸದಾಶಿವಗಡ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ. ಅವರ ತಮ್ಮ ಹದಿನಾಲ್ಕು ವರ್ಷದಿಂದ ಮಾಪ್ಸಾದಲ್ಲಿ ನೌಕರಿ ಮಾಡುತ್ತಾನೆ. ನಾವಿಬ್ಬರೂ ಒಬ್ಬರಿಗೊಬ್ಬರು ಭಾವ. ನನ್ನ ಕೊಂಕಣಿ ಕಾರವಾರದ ಮೀನು ಪೇಟೆಗೆ ಸಾಕಾಗುವಷ್ಟು. ಆದರೂ ಗಾಡಿಯ ಯಜಮಾನರಿಗೆ ಮೊದಲ ಫೋನನ್ನು ನಾನೇ ಮಾಡಿದೆ. ಕಾರಣ ಹೇಳಬೇಕು. ನಮ್ಮ ಕೇರಿಯವರೊಬ್ಬರು ಎರಡು ವರ್ಷದ ಹಿಂದೆ ಫೋನಿನಲ್ಲೇ ಗಾಡಿ ಕೊಳ್ಳಲು ಹೋಗಿ ಹದಿನೆಂಟು ಸಾವಿರ ಕಳಕೊಂಡಿದ್ದರು. ಆಚೆಯ ದನಿ ತಾನು ಸೈನ್ಯದವನೆಂದಿತು. ವರ್ಗವಾಗಿದೆ, ಗಾಡಿ ಅಗ್ಗಕ್ಕೆ ಬಿಡುತ್ತೇನೆ, ಮೊದಲು ಸಾಗಾಟದ ಹಣ ಹಾಕಿ ಎಂದಿತು. ಸಮವಸ್ತ್ರದ ಫೋಟೊ ಇರುವ ಗುರುತಿನ ಚೀಟಿಯನ್ನೂ ಕಳಿಸಿತು. ಈ ಬಗೆಯ ವಂಚನೆ ದೇಶದ ತುಂಬ ಇದೆ. ಆದರೆ ಕಾರವಾರದವರಿಗೆ ಇದು ಬೇಗ ನಾಟುತ್ತದೆ. ಅರ್ಗಾದಲ್ಲಿ ಕದಂಬ ನೌಕಾನೆಲೆ ಇದೆ. ವರ್ಗವಾದಾಗ ಗಾಡಿ ಮಾರಿ ಹೋಗುವ ನಿಜವಾದ ನೌಕಾಪಡೆಯವರನ್ನು ನಾವು 2005ರಿಂದಲೂ ನೋಡುತ್ತಿದ್ದೇವೆ, ಅವರ ಒಳ್ಳೆಯ ಗಾಡಿಗಳನ್ನು ಕೊಂಡೂ ಇದ್ದೇವೆ. ಇನ್ನೊಂದು ಸಂಗತಿ ಆ ಮನುಷ್ಯರೇ ನನಗೆ ಹೇಳಿದ್ದು: “ಅವ ಹಿಂದಿಯಲ್ಲಿ ಮಾತಾಡ್ತಿದ್ದ. ನನಗೆ ಹಿಂದಿಯಲ್ಲಿ ಹೌದು ಅನ್ಲಿಕ್ಕೆ ಬರ್ತದೆ, ಅನುಮಾನ ಕೇಳ್ಲಿಕ್ಕೆ ಬರೂದಿಲ್ಲ.” ಆ ಮಾತು ನನ್ನೊಳಗೆ ನಾಟಿ ಕೂತಿದೆ. ಅಡ್ಡ ಪ್ರಶ್ನೆ ಹಾಕಲು ಬರುವ ಭಾಷೆಯಲ್ಲೇ ವ್ಯವಹಾರ ಮಾಡಬೇಕು.

ಹಾಗಾಗಿ ಹರಕು ಕೊಂಕಣಿಯಲ್ಲೇ ಕೇಳಿದೆ. ಗಾಡಿಯ ಯಜಮಾನರು ನನಗಿಂತ ಚಿಕ್ಕವರು. ಮಾತು ಶುರುವಾದ ಕೂಡಲೇ ನನ್ನನ್ನು ‘ತುಂ’ ಎಂದರು. ನಮ್ಮ ಕಡೆ ಪರಿಚಯವಿಲ್ಲದ ಹಿರಿಯರನ್ನು ನೀನು ಅನ್ನುವುದುಂಟೇ? ಮುಖ ಬಿಸಿಯಾಯಿತು. ಆಮೇಲೆ ಭಾವ ಬಿಡಿಸಿ ಹೇಳಿದ: ಗೋವೆಯಲ್ಲಿ ಅಪ್ಪ-ಅಮ್ಮನಿಗೂ ‘ತುಂ’, ದೇವರಿಗೂ ‘ತುಂ’. ‘ತುಮಿ’ ಎಂದಿದ್ದರೆ ದೂರ ಇಟ್ಟಂತೆ ಅಂದುಕೊಳ್ಳಿ ಎಂದ. ಕಾರವಾರದ ಕೊಂಕಣಿ ಕನ್ನಡದ ಪಕ್ಕದಲ್ಲಿ ಬಾಳಿ ಬಹುವಚನದ ಮರ್ಯಾದೆ ಕಲಿತಿದೆ. ಆಚೆಯದಕ್ಕೆ ಅದರ ಅಗತ್ಯ ಬಿದ್ದಿಲ್ಲ. ಅದು ತಿಳಿಯದಿದ್ದರೆ ಆ ಒಂದು ಸರ್ವನಾಮಕ್ಕೇ ನಾನು ಗಾಡಿ ಬಿಡುತ್ತಿದ್ದೆ.

“ಅಪಘಾತ ಏನಾದ್ರೂ ಆಗಿತ್ತಾ?” ಎಂದು ಕೇಳಿದೆ. “ಕಾಂಯ್ ನಾ” ಎಂದರು, ಏನೂ ಇಲ್ಲ. “ಟಾಯರು?” ಎಂದೆ. “ಚಲ್ತಾ” ಎಂದರು. ನಾನು ಎರಡನ್ನೂ ಕನ್ನಡಕ್ಕೆ ತಿರುಗಿಸಿಕೊಂಡು ಸಮಾಧಾನವಾಗಿ ಮಲಗಿದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಭಾವ ಹೇಳದೆ ಕೇಳದೆ ಅವರ ಮನೆಗೆ ಹೋದ. ಹೇಳಿ ಹೋದರೆ ಗಾಡಿಯನ್ನು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿರುತ್ತಾರೆ, ತಣ್ಣಗಿನ ಇಂಜಿನ್ನಿನ ರೋಗ ಬಿಸಿಯಾದದ್ದರಲ್ಲಿ ತೋರುವುದಿಲ್ಲ. ವಿಡಿಯೊ ಕಾಲ್ ಮಾಡಿದ. “ಭಾವಾ, ಇಂಜಿನ್ ತಣ್ಣಗದೆ, ಕೈ ಇಟ್ಟು ನೋಡ್ದೆ. ಈಗ ಚಾಲೂ ಮಾಡ್ತೆ, ಬರೇ ಕೇಳಿ.” ಫೋನನ್ನು ಸಿಲಿಂಡರಿನ ಹತ್ತಿರ ಹಿಡಿದ. ಎರಡನೇ ಸಲಕ್ಕೆ ಹಿಡಿಯಿತು. ಟ್ಯಾಪೆಟಿನ ಸಣ್ಣ ಟಿಕಟಿಕ ಇತ್ತು, ಅಷ್ಟು ಇರುವುದೇ. ಸೈಲೆನ್ಸರಿನ ಬಾಯಿಗೆ ಹಿಡಿದ. ಹೊಗೆ ನೀಲಿಯಿದ್ದರೆ ಇಂಜಿನ್ ಎಣ್ಣೆ ಕುಡಿಯುತ್ತಿದೆ ಎಂದು ಅರ್ಥ. ನೀಲಿ ಇರಲಿಲ್ಲ. ಆಮೇಲೆ ನಾನು ಹೇಳಿದಂತೆ ಹಿಂದಿನ ಚಕ್ರದ ರಿಮ್ಮನ್ನೂ ಕ್ಯಾರಿಯರಿನ ಕೆಳಭಾಗವನ್ನೂ ತೋರಿಸಿದ. ಕರಾವಳಿಯವರು ಗಾಡಿಯ ಹಿಂಭಾಗವನ್ನೇ ಮೊದಲು ನೋಡುವುದಕ್ಕೆ ಕಾರಣವಿದೆ. ಮೀನಿನ ಬುಟ್ಟಿ ಕಟ್ಟಿದ ಗಾಡಿಯಲ್ಲಿ ಮಂಜುಗಡ್ಡೆ ಕರಗಿದ ಉಪ್ಪುನೀರು ದಿನಾ ಅಲ್ಲೇ ಸೋರುತ್ತದೆ. ಬಣ್ಣ ಹೊಡೆದರೂ ಬೆಸುಗೆಯ ಸಂದಿಯಲ್ಲಿ ತುಕ್ಕು ಅಡಗಿರುತ್ತದೆ. ಇದರಲ್ಲಿ ಸಮುದ್ರದ ಗಾಳಿಯ ಸಾಮಾನ್ಯ ತುಕ್ಕು ಬಿಟ್ಟರೆ ಮೀನು ಹೊತ್ತ ಗುರುತಿರಲಿಲ್ಲ.

ಮುಂದಿನ ಟಾಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇತ್ತು: 2518. 2018ನೇ ಇಸವಿಯ ಇಪ್ಪತ್ತೈದನೇ ವಾರ ತಯಾರಾದದ್ದು ಎಂದು ಅದರ ಅರ್ಥ. ಗಾಡಿಯ ಜೊತೆ ಹುಟ್ಟಿದ ಟಾಯರು, ಅಂದರೆ ಮೀಟರು ತೋರಿಸುವ ಇಪ್ಪತ್ತೊಂದು ಸಾವಿರ ಸುಳ್ಳಿರಲಾರದು ಎನ್ನುವುದಕ್ಕೆ ಒಂದು ಸಾಕ್ಷಿ. ಆದರೆ ಆರು ವರ್ಷದ ರಬ್ಬರು ಕಲ್ಲಾಗಿರುತ್ತದೆ, ನಮ್ಮ ಮಳೆಯ ರಸ್ತೆಯಲ್ಲಿ ಹಿಡಿತ ಸಿಗದು. ಭಾವ ಉಗುರು ಊರಿ ನೋಡಿದ, ಇಳಿಯಲಿಲ್ಲ. ಆಗ ಅವನಿಗೆ ಯಜಮಾನರ ಮಾತು ಹೇಳಿದೆ. “ಅಯ್ಯೋ ಭಾವಾ, ಒಳ್ಳೇದಿದ್ರೆ ‘ಬರೊ ಆಸಾ’ ಅಂತಿದ್ರು. ‘ಚಲ್ತಾ’ ಅಂದ್ರೆ ಇನ್ನೂ ಸ್ವಲ್ಪ ದಿವಸ ದೂಡಬಹುದು ಅಂತ.” ನಾವು ‘ನಡೀತದೆ’ ಅನ್ನುವುದಿಲ್ಲವೇ, ಹಾಗೇ. ಉತ್ತರ ಕನ್ನಡದ ‘ಅಡ್ಡಿಲ್ಲ’ವನ್ನು ಬೆಂಗಳೂರಿನವರೊಬ್ಬರು ಬರೀ ‘ತೊಂದರೆ ಇಲ್ಲ’ ಎಂದು ತಿಳಿದರೆ ನಾವು ಕೊಟ್ಟ ಹೊಗಳಿಕೆ ಪೂರ್ತಿ ಅವರಿಗೆ ಮುಟ್ಟದು. ಪದ ಪರಿಚಯವಾದ ಮಾತ್ರಕ್ಕೆ ಅದರ ತೂಕ ಗೊತ್ತಾಗುವುದಿಲ್ಲ.

‘ಕಾಂಯ್ ನಾ’ ಕೂಡ ಹಾಗೇ ಆಯಿತು. ಬಲಗಡೆಯ ಫುಟ್‌ರೆಸ್ಟ್ ಒಂದು ಬೆರಳಿನಷ್ಟು ಹಿಂದೆ ವಾಲಿರುವುದು ವಿಡಿಯೊದಲ್ಲಿ ನನಗೇ ಕಂಡಿತು. “ಅದು ಯಾಕೆ ವಾಲಿದೆ ಕೇಳು” ಎಂದೆ. ಯಜಮಾನರು ಒಂದು ಚೂರೂ ಅಳುಕದೆ ಹೇಳಿದರು: ಮಳೆಗಾಲದಲ್ಲಿ ಮನೆಯ ಎದುರಿನ ಪಾಚಿಯ ಮೇಲೆ ಜಾರಿತ್ತು, ಅದೇನು ಅಪಘಾತವೇ? ಅವರು ಮುಚ್ಚಿಟ್ಟಿರಲಿಲ್ಲ, ನನ್ನ ಪ್ರಶ್ನೆಯೇ ದೊಡ್ಡ ಬಲೆಯಾಗಿತ್ತು, ಸಣ್ಣ ಮೀನು ಕಣ್ಣಿನಿಂದ ಜಾರಿಹೋಯಿತು. ನಾವೂ ಬಿದ್ದು ಎದ್ದು ಬಂದ ಮಗನನ್ನು ಏನಾಯ್ತೋ ಅಂದರೆ ‘ಏನಿಲ್ಲ’ ಅನ್ನುತ್ತಾನೆ, ಮೊಣಕಾಲಿಗೆ ಏನಾಯ್ತು ಅಂದರೆ ಹೇಳುತ್ತಾನೆ. ಆಮೇಲಿನ ಪ್ರಶ್ನೆಗಳನ್ನೆಲ್ಲ ಬಿಡಿಬಿಡಿಯಾಗಿ ಕೇಳಿದೆವು. ಹ್ಯಾಂಡಲ್ ಯಾವ ಕಡೆ ಎಳೆಯುತ್ತದೆ, ಫೋರ್ಕಿನ ಪೈಪಿಗೆ ಎಣ್ಣೆ ಜಿನುಗುತ್ತದೆಯೇ, ಚೈನು ಬದಲಿಸಿದ್ದು ಯಾವಾಗ, ಸಾಲ ತೀರಿದ ಮೇಲೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿದ್ದೀರಾ. ಒಂದೊಂದಕ್ಕೂ ನೇರ ಉತ್ತರ ಬಂತು. ಟಾಯರು ಮತ್ತು ಫುಟ್‌ರೆಸ್ಟಿನ ಲೆಕ್ಕ ಹಿಡಿದು ಐವತ್ತೆರಡಕ್ಕೆ ಒಪ್ಪಿದರು.

ಕಾಗದದ ಭಾಷೆ ಎರಡೂ ಅಲ್ಲದ ಮೂರನೆಯದು, ಅಲ್ಲಿ ಮಾತ್ರ ಅರ್ಥ ಹೊರಳುವುದಿಲ್ಲ. ಹೊಳೆ ದಾಟಿ ಗಾಡಿ ತರುವವರು ಇದನ್ನು ಹಗುರವಾಗಿ ಹಿಡಿಯಬಾರದು. ಮಾರುವವರು ತಮ್ಮ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತೆಗೆಯಬೇಕು. ಅದು ಫಾರ್ಮ್ 28, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚು ಅದರಲ್ಲಿರಬೇಕು. ವರ್ಗಾವಣೆಗೆ 29 ಮತ್ತು 30. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನ, ರಾಜ್ಯದಾಚೆಗಾದರೆ 45 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಬೇರೆ ರಾಜ್ಯದ ಗಾಡಿ 12 ತಿಂಗಳು ಮೀರಿ ಇಲ್ಲೇ ಇದ್ದರೆ ಇಲ್ಲಿಯ ನಂಬರು ಆಗಲೇಬೇಕು. ಗಡಿಯ ಮಾಜಾಳಿ ಗೇಟಿನ ಈಚೆಗೆ ವರ್ಷಗಟ್ಟಲೆ ಗೋವೆಯ ನಂಬರಿನಲ್ಲೇ ಓಡುವ ಗಾಡಿಗಳು ನನಗೂ ಗೊತ್ತಿವೆ. “ಗುರುತಿನವರೇ ಅಲ್ವಾ, ಹೆಸರು ಆಮೇಲೆ ಮಾಡಿದ್ರಾಯ್ತು” ಅನ್ನುತ್ತಾರೆ. ಅದು ಮಾರಿದವರಿಗೆ ಮಾಡುವ ಅನ್ಯಾಯ. ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಖಚಿತ ಮಾಡಿದೆ. ವಾಹನ ಎಷ್ಟು ಕೈ ದಾಟಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ. ಐವತ್ತೆರಡು ಸಾವಿರಕ್ಕೆ ಗಾಡಿ ಕೊಟ್ಟ ಮನುಷ್ಯನ ತಲೆಯ ಮೇಲೆ ನಾನು ಅಂಥ ಭಾರ ಹೇಗೆ ಇಡಲಿ?

ನಿರಾಕ್ಷೇಪಣಾ ಪತ್ರಕ್ಕೆ ತಿಂಗಳು ಹತ್ತಿರ ಹಿಡಿಯಿತು. “ಫಾಲ್ಯಾಂ” ಎನ್ನುತ್ತಿದ್ದರು, ನಾಳೆ. ನಮ್ಮ ‘ನಾಳೆ’ಯಷ್ಟೇ ಉದ್ದದ ನಾಳೆ ಅದು. ಚವತಿ ಹತ್ತಿರ ಬಂತು. ಗೋವೆಯಲ್ಲಿ ದುಡಿಯುವ ಸದಾಶಿವಗಡ, ಅಸ್ನೋಟಿ, ಮಾಜಾಳಿಯವರೆಲ್ಲ ಆ ವಾರ ಮನೆಗೆ ಮರಳುತ್ತಾರೆ. ಸೆಪ್ಟೆಂಬರ್ 6ರ ಬೆಳಿಗ್ಗೆ ಭಾವ ಎಲ್ಲ ಕಾಗದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಹೊರಟ. ಮಡಗಾಂವ್, ಕರ್ಮಲ್ ಘಾಟು, ಕಾಣಕೋಣ, ಪೊಳೆಂ ದಾಟಿದ. ಕಾಳಿಯ ಹೊಸ ಸೇತುವೆಯ ಮೇಲಿಂದ ಫೋನು ಬರಲಿ ಎಂದು ನಾನು ಕಾದಿದ್ದೆ, ಬರಲಿಲ್ಲ. ಮುರಿದ ಕಂಬಗಳನ್ನು ಪಕ್ಕದಲ್ಲಿ ನೋಡಿದ ಮೇಲೆ ಅಲ್ಲಿ ನಿಲ್ಲಿಸಬೇಕು ಅನ್ನಿಸಲಿಲ್ಲ ಎಂದ. ಮಧ್ಯಾಹ್ನದ ಹೊತ್ತಿಗೆ ಗಾಡಿ ನಮ್ಮ ಅಂಗಳದಲ್ಲಿತ್ತು. ಅತ್ತಿಗೆ ಆರತಿ ತಂದರು. ಮುಂದಿನ ಟಾಯರನ್ನು ಚವತಿ ಮುಗಿದ ಮಾರನೇ ದಿನವೇ ಬದಲಿಸಿದೆವು.

ಎರಡನೇ ಕೀಲಿ ಮಾತ್ರ ಅಲ್ಲೇ ಉಳಿದಿತ್ತು. ಹದಿನೈದು ದಿನದ ಮೇಲೆ ಪೆರ್ನೆಂ–ಕಾರವಾರ ಡೆಮು ರೈಲಿನಲ್ಲಿ ಬಂದ ಪರಿಚಯದವರ ಕೈಯಲ್ಲಿ ಅದು ಬಂತು. ಸುತ್ತಿದ ಕಾಗದದ ಒಳಗಡೆ ಯಜಮಾನರು ಒಂಬತ್ತು ಸಾಲು ಬರೆದಿದ್ದರು, ದೇವನಾಗರಿ ಲಿಪಿಯ ಕೊಂಕಣಿಯಲ್ಲಿ. ಅತ್ತಿಗೆಗೆ ಕೊಂಕಣಿ ಉಸಿರಿನಷ್ಟು ಸಲೀಸು, ಆದರೆ ಅವರು ಅದನ್ನು ಓದಿದ್ದರೆ ಕನ್ನಡ ಲಿಪಿಯಲ್ಲಿ ಮಾತ್ರ. ದೇವನಾಗರಿ ಅಕ್ಷರ ಬಿಟ್ಟು ಎಷ್ಟೋ ವರ್ಷವಾಗಿತ್ತು. ಮಗನಿಗೆ ಶಾಲೆಯ ಹಿಂದಿಯಿಂದ ಅಕ್ಷರ ಬರುತ್ತದೆ, ಭಾಷೆ ಬಾರದು. ಇಬ್ಬರೂ ಜಗಲಿಯ ಮೇಲೆ ಕೂತರು. ಅವನು ಅರ್ಥ ತಿಳಿಯದೆ ಒಂದೊಂದೇ ಅಕ್ಷರ ಜೋಡಿಸಿ ಜೋರಾಗಿ ಓದಿದ. ಅವರು ಕಣ್ಣು ಮುಚ್ಚಿ ಕೇಳಿ, ಉಚ್ಚಾರ ತಿದ್ದಿ, ಕನ್ನಡದಲ್ಲಿ ಹೇಳಿದರು. ನಾನು ಬರೆದುಕೊಂಡೆ.

ಎಣ್ಣೆ ಹಾಕಿಸಿದ್ದು ಇಪ್ಪತ್ತು ಸಾವಿರದ ಮುನ್ನೂರು ಕಿಲೋಮೀಟರಿಗೆ. ಕ್ಲಚ್ಚಿನ ಕೇಬಲ್ ಹೊಸದು. ಹಿಂದಿನ ಬ್ರೇಕ್ ಲೈಟು ಒಮ್ಮೊಮ್ಮೆ ಹೊತ್ತುವುದಿಲ್ಲ, ಕೆಳಗಿನ ಸ್ವಿಚ್ಚಿಗೆ ಮಣ್ಣು ಹಿಡಿಯುತ್ತದೆ, ಒರೆಸಬೇಕು. ಮಳೆಯಲ್ಲಿ ಎರಡು ದಿನ ನಿಂತರೆ ಚೋಕ್ ಎಳೆದು ಚಾಲೂ ಮಾಡಬೇಕು. ಹೀಗೇ ಒಂಬತ್ತೂ ಸಾಲು. ಬ್ರೇಕ್ ಲೈಟಿನ ಸುದ್ದಿ ವಿಡಿಯೊದಲ್ಲಿ ನಾವು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಮಗ ಎದ್ದು ಹೋಗಿ ಪೆಡಲಿನ ಹತ್ತಿರ ಬಗ್ಗಿ ಬಟ್ಟೆಯಿಂದ ಒರೆಸಿ ಒತ್ತಿದ. ಕೆಂಪು ದೀಪ ಹೊತ್ತಿತು.

ಜಿಎ-03 ಹೋಗಿ ಕೆಎ-30 ಬಂದ ದಿನ ಹೊಸ ಆರ್‌ಸಿಯ ಫೋಟೊ ಅವರಿಗೆ ಕಳಿಸಿದೆ. “ದೇವ್ ಬರೆಂ ಕರುಂ”, ದೇವರು ಒಳ್ಳೇದು ಮಾಡಲಿ ಎಂದು ಉತ್ತರ ಬಂತು, ಕೆಳಗೆ ಗಾಡಿ ಹೇಗಿದೆ ಎಂದು ಕೇಳುವ ಇನ್ನೊಂದು ಸಾಲು. ಅದನ್ನು ಮಗ ತಾನೇ ಓದಿದ, ಅತ್ತಿಗೆಯನ್ನು ಕರೆಯಲಿಲ್ಲ: ‘ಗಾಡಿ ಕಶಿ ಆಸಾ?’