ಸಿಯಾಟಲ್‌ನಲ್ಲಿ ಕಲಿತ ‘ಬೇಡ’

ಇಸ್ಪೀಟೆಲೆ ಮುಟ್ಟಿದರೆ ‘ಕೈ ತೊಳೆದುಕೊಂಡು ಒಳಗೆ ಬಾ’ ಎನ್ನುತ್ತಿದ್ದ ಮನೆಯಲ್ಲಿ ಬೆಳೆದವನು ನಾನು. ಅಂಥವನು ಎಪ್ಪತ್ತೊಂದನೇ ವಯಸ್ಸಿನಲ್ಲಿ ಭೂಮಿಯ ಆಚೆ ಮಗ್ಗುಲಿಗೆ ಹೋಗಿ, ಹದಿನಾಲ್ಕು ವರ್ಷದ ಮೊಮ್ಮಗನ ಎದುರು ಕುಳಿತು ಅರವತ್ತು ಎಲೆಗಳ ಕಟ್ಟು ಕಲಸುತ್ತಿದ್ದನೆಂದರೆ ನಮ್ಮಮ್ಮ ಖಂಡಿತ ನಂಬುತ್ತಿರಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ನಾನು ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್‌ಗೆ ಹೋದೆ. ಮಗನ ಮನೆ ಇರುವುದು ಪಕ್ಕದ ಬೆಲ್‌ವ್ಯೂ ಊರಿನಲ್ಲಿ. ಎರಡು ಊರುಗಳ ನಡುವೆ ವಾಷಿಂಗ್ಟನ್ ಸರೋವರ. ಅದರ ಮೇಲೆ ಕಂಬಗಳ ಆಸರೆಯಿಲ್ಲದೆ ಕಾಂಕ್ರೀಟ್ ದೋಣಿಗಳ ಮೇಲೆ ತೇಲುವ ಸೇತುವೆ. 2016ರಲ್ಲಿ ತೆರೆದ ಈ ಸೇತುವೆ ಸುಮಾರು 2,350 ಮೀಟರ್ ಉದ್ದವಿದ್ದು, ತೇಲುವ ಸೇತುವೆಗಳಲ್ಲಿ ಜಗತ್ತಿನಲ್ಲೇ ಅತಿ ಉದ್ದದ್ದು. ಆಕಾಶ ತಿಳಿಯಾಗಿದ್ದರೆ ದಕ್ಷಿಣಕ್ಕೆ 4,392 ಮೀಟರ್ ಎತ್ತರದ ರೇನಿಯರ್ ಪರ್ವತ ಹಿಮದ ಟೋಪಿ ಹಾಕಿಕೊಂಡು ನಿಂತಿರುತ್ತದೆ. ನೀರಾವರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಗೇಟು, ನಾಲೆ, ತೂಬು ಎಂದು ಓಡಾಡಿದ ನನಗೆ ನೋಡಲು ಬೇಕಾದಷ್ಟಿತ್ತು.

ಆದರೆ ನಾನು ನೋಡಲೆಂದು ಹೋದವನಲ್ಲ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಶಿವಮೊಗ್ಗದ ಮನೆಯಲ್ಲಿ ಒಬ್ಬನೇ ಇದ್ದೆ. ಮಗನ ಬಳಿ ನನಗಾಗಿ ಒಂದು ಪಟ್ಟಿ ತಯಾರಿತ್ತು: ಕಿವಿಗೆ ಯಂತ್ರ ಹಾಕಿಸಿಕೊ, ಬಚ್ಚಲಿಗೆ ಹಿಡಿಕೆ ಹಾಕಿಸು, ಮಹಡಿಯನ್ನು ಬಾಡಿಗೆಗೆ ಕೊಡು, ಅಡುಗೆಗೆ ಜನ ಇಡು, ಎಲ್ಲಕ್ಕಿಂತ ಕೊನೆಗೆ, ಮನೆ ಮಾರಿ ನಮ್ಮ ಜೊತೆ ಬಂದುಬಿಡು. ನಾನು ಎಲ್ಲಕ್ಕೂ ಒಂದೇ ಉತ್ತರ ಕೊಟ್ಟಿದ್ದೆ: ‘ಬೇಡ’. ಎರಡನೇ ವಾರದ ಹೊತ್ತಿಗೆ ಊಟದ ಮೇಜಿನಲ್ಲಿ ಸಾರಿನ ಸೌಟಿನ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ.

ಮ್ಯಾಜಿಕ್ ಹುಟ್ಟಿದ ಊರು

ಮೊಮ್ಮಗನಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಅರ್ಧ ಬರುತ್ತದೆ. ನನ್ನ ಇಂಗ್ಲಿಷೂ ಹೆಚ್ಚುಕಡಿಮೆ ಅಷ್ಟೇ. ನಮ್ಮಿಬ್ಬರನ್ನು ಮಾತಿಗೆ ಕೂರಿಸಿದ್ದು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಎಲೆಯಾಟ. ಇದು ಸಿಯಾಟಲ್ ಸೀಮೆಯದೇ ಕೂಸು. ಬೋಯಿಂಗ್ ವಿಮಾನ ಕಂಪನಿಯಲ್ಲಿ ನೌಕರಿಯಲ್ಲಿದ್ದ ಪೀಟರ್ ಆಡ್‌ಕಿಸನ್ 1990ರಲ್ಲಿ ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಎಂಬ ಪುಟ್ಟ ಸಂಸ್ಥೆ ಕಟ್ಟಿದರು. ಕೆಲಸ ನಡೆಯುತ್ತಿದ್ದುದು ಅವರ ಮನೆಯ ನೆಲಮಾಳಿಗೆಯಲ್ಲಿ. ಗಣಿತದ ಸಂಶೋಧನ ವಿದ್ಯಾರ್ಥಿ ರಿಚರ್ಡ್ ಗಾರ್‌ಫೀಲ್ಡ್ ಒಂದು ದೊಡ್ಡ ಹಲಗೆಯಾಟ ಹಿಡಿದು ಬಂದಾಗ ಆಡ್‌ಕಿಸನ್, ಇದು ಖರ್ಚಿನ ಬಾಬತ್ತು, ಜೇಬಿನಲ್ಲಿಟ್ಟುಕೊಂಡು ಬೇಗ ಆಡಿ ಮುಗಿಸುವಂಥದ್ದು ಮಾಡಿಕೊಡಿ ಎಂದರಂತೆ. ಹಾಗೆ 1993ರ ಆಗಸ್ಟ್‌ನಲ್ಲಿ ಹೊರಬಂದದ್ದು ಮ್ಯಾಜಿಕ್. 1995ರಿಂದ 1998ರವರೆಗೆ ಇದರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೂ ಸಿಯಾಟಲ್‌ನಲ್ಲೇ. 1999ರಲ್ಲಿ ಹ್ಯಾಸ್‌ಬ್ರೋ ಎಂಬ ದೊಡ್ಡ ಆಟಿಕೆ ಕಂಪನಿ ಸಂಸ್ಥೆಯನ್ನು ಕೊಂಡುಕೊಂಡಿತು. ಕಚೇರಿ ಸಿಯಾಟಲ್‌ನ ದಕ್ಷಿಣಕ್ಕಿರುವ ರೆಂಟನ್ ಎಂಬ ಊರಿನಲ್ಲಿ. ಮೊಮ್ಮಗ ಹಟ ಹಿಡಿದು ತೋರಿಸಿದ. ನೋಡಿದರೆ ಯಾವುದೋ ವಿಮಾ ಕಂಪನಿಯ ಕಚೇರಿಯಂತಿದೆ! ಅದೇ ಊರಿನಲ್ಲಿ ಸರೋವರದ ದಂಡೆಗೆ ಬೋಯಿಂಗ್ 737 ವಿಮಾನಗಳು ತಯಾರಾಗುವ ಕಾರ್ಖಾನೆಯೂ ಇದೆ. ನನ್ನ ಕಣ್ಣು ಅತ್ತ, ಅವನ ಕಣ್ಣು ಇತ್ತ.

ಆಟದ ಸ್ವರೂಪ ಹೀಗೆ. ಇಬ್ಬರು ಆಟಗಾರರು, ಇಬ್ಬರೂ ಮಂತ್ರವಾದಿಗಳು. ಒಬ್ಬೊಬ್ಬರಿಗೂ 20 ಅಂಕದ ಆಯುಷ್ಯ. ಎದುರಾಳಿಯ ಆಯುಷ್ಯ ಸೊನ್ನೆಗಿಳಿಸಿದವನು ಗೆದ್ದ. ನಮ್ಮ ಇಸ್ಪೀಟಿನಂತೆ ಎಲ್ಲರಿಗೂ ಒಂದೇ ಕಟ್ಟಲ್ಲ. ಇದುವರೆಗೆ ಅಚ್ಚಾದ 25 ಸಾವಿರಕ್ಕೂ ಹೆಚ್ಚು ಬಗೆಯ ಎಲೆಗಳಿಂದ ತನಗೆ ಬೇಕಾದ ಕನಿಷ್ಠ 60 ಎಲೆಗಳನ್ನು ಆರಿಸಿ, ಪ್ರತಿಯೊಬ್ಬನೂ ತನ್ನದೇ ಕಟ್ಟು ಕಟ್ಟಿಕೊಂಡು ಬರುತ್ತಾನೆ. ಒಂದೇ ಎಲೆ ನಾಲ್ಕಕ್ಕಿಂತ ಹೆಚ್ಚು ಇರಬಾರದು. ‘ಭೂಮಿ’ಯ ಸಾಮಾನ್ಯ ಎಲೆಗಳಿಗೆ ಮಾತ್ರ ಈ ನಿರ್ಬಂಧವಿಲ್ಲ. ಭೂಮಿಯಿಂದ ‘ಮನಾ’ ಎಂಬ ಶಕ್ತಿ ಹುಟ್ಟುತ್ತದೆ. ಆ ಶಕ್ತಿ ತೆತ್ತು ಯೋಧರನ್ನು, ಮಂತ್ರಗಳನ್ನು ಇಳಿಸಬೇಕು. ಜಮೀನಿಲ್ಲದವನಿಗೆ ಬಲವಿಲ್ಲ ಎಂಬ ಮಾತು ನಮಗೇನು ಹೊಸದೇ?

ಏನೂ ಮಾಡದವನ ಕಟ್ಟು

‘ತಾತ, ನಿಂಗೆ ಕಂಟ್ರೋಲ್ ಡೆಕ್ಕೇ ಸರಿ’ ಎಂದ ಮೊಮ್ಮಗ. ಯಾಕೆಂದರೆ, ‘ನೀನು ಎಲ್ಲಕ್ಕೂ ನೋ ಅಂತೀಯಲ್ಲ!’

ಹೊಡೆಯುವ ಕಟ್ಟು, ತಡೆಯುವ ಕಟ್ಟು ಎಂದು ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಸಣ್ಣಪುಟ್ಟ ಯೋಧರನ್ನು ಸರಸರನೆ ಇಳಿಸಿ ಎದುರಾಳಿ ಕಣ್ಣು ಬಿಡುವಷ್ಟರಲ್ಲಿ ಮುಗಿಸುತ್ತದೆ. ಎರಡನೆಯದೇ ಕಂಟ್ರೋಲ್ ಡೆಕ್. ಅದು ಎದುರಾಳಿಯ ಒಂದೊಂದು ಏಟಿಗೂ ಉತ್ತರ ಕೊಡುತ್ತ, ಅವನ ಕೈ ಬರಿದಾಗುವವರೆಗೆ ಕಾದು, ಕಟ್ಟಕಡೆಗೆ ನಿಧಾನವಾಗಿ ಗೆಲ್ಲುತ್ತದೆ. ಬ್ರಯಾನ್ ವೈಸ್‌ಮನ್ ಎಂಬ ಕ್ಯಾಲಿಫೋರ್ನಿಯಾದ ಆಟಗಾರ 1990ರ ದಶಕದ ನಡುವಿನಲ್ಲಿ ಕಟ್ಟಿದ ಇಂಥದೊಂದು ಕಟ್ಟು ಎಷ್ಟು ಹೆಸರಾಯಿತೆಂದರೆ ಅದನ್ನು ‘ದಿ ಡೆಕ್’ ಎಂದೇ ಕರೆದರು. ಗೆಲ್ಲಿಸಿಕೊಡಲು ಅದರಲ್ಲಿದ್ದದ್ದು ‘ಸೆರಾ ಏಂಜಲ್’ ಎಂಬ ದೇವಕನ್ಯೆಯ ಎರಡೇ ಎರಡು ಎಲೆ. ಉಳಿದದ್ದೆಲ್ಲ ಬಹುಪಾಲು ತಡೆಯುವುದಕ್ಕೆ ಮತ್ತು ಹೊಸ ಎಲೆ ಎಳೆಯುವುದಕ್ಕೆ.

ಮೊಮ್ಮಗ ಅದೇ ಮಾದರಿಯಲ್ಲಿ ಬಡವರ ಕಟ್ಟೊಂದನ್ನು ನನಗಾಗಿ ಜೋಡಿಸಿದ. ಬಡವರದು ಏಕೆಂದರೆ ಮೂಲ ಕಟ್ಟಿನಲ್ಲಿದ್ದ ‘ಬ್ಲ್ಯಾಕ್ ಲೋಟಸ್’ನಂಥ ಎಲೆಗೆ ಇಂದು ಮನೆಯ ಬೆಲೆ! ನನ್ನ ಕಟ್ಟಿನ ಲೆಕ್ಕ ಹೀಗಿತ್ತು: ಭೂಮಿ 26. ಎದುರಾಳಿಯ ಮಂತ್ರವನ್ನು ಇಳಿಯುವ ಮೊದಲೇ ಅಳಿಸುವ ‘ಕೌಂಟರ್‌ಸ್ಪೆಲ್’ ಮತ್ತು ಅದರ ದಾಯಾದಿಗಳು ಸೇರಿ 12. ಎದುರಾಳಿಯ ಯೋಧನನ್ನು ಕತ್ತಿ ಬಿಡಿಸಿ ನೇಗಿಲು ಹಿಡಿಸಿ ಆಟದಿಂದಲೇ ಕಳುಹಿಸಿಬಿಡುವ ಎಲೆ 4. ಎರಡೂ ಕಡೆಯ ಎಲ್ಲ ಯೋಧರನ್ನೂ ಒಟ್ಟಿಗೆ ನಾಶಮಾಡುವ ‘ರಾತ್ ಆಫ್ ಗಾಡ್’, ಅಂದರೆ ದೇವರ ಕೋಪ, 4. ಎದುರಾಳಿಯ ಯಂತ್ರ-ಮಾಟಗಳನ್ನು ಒಡೆಯುವ ಎಲೆ 4. ಹೊಸ ಎಲೆ ಎಳೆದುಕೊಡುವ ಮಂತ್ರಗಳು 8. ದೇವಕನ್ಯೆಯರು 2. ಒಟ್ಟು ಅರವತ್ತು.

ಕೇಳಲು ಸುಲಭ. ಆಡಲು ಕೂತರೆ ಬೆವರು. ಕೌಂಟರ್‌ಸ್ಪೆಲ್ ಹಾಕಬೇಕಾದರೆ ಎದುರಾಳಿಯ ಸರದಿಯಲ್ಲಿ ನನ್ನ ಬಳಿ ಎರಡು ನೀಲಿ ಮನಾ ಉಳಿದಿರಬೇಕು. ಅಂದರೆ ನನ್ನ ಸರದಿಯಲ್ಲಿ ಅದನ್ನು ಖರ್ಚು ಮಾಡುವಂತಿಲ್ಲ. ಭೂಮಿ ಇಟ್ಟು, ಕೈಕಟ್ಟಿ, ‘ನಿನ್ನ ಸರದಿ’ ಎನ್ನಬೇಕು. ನೋಡುವವರಿಗೆ ಮುದುಕ ನಿದ್ದೆ ಮಾಡುತ್ತಿದ್ದಾನೆ ಎನಿಸಬೇಕು.

ಮೊಮ್ಮಗನದು ಕೆಂಪು ಕಟ್ಟು, ಅದರ ತುಂಬ ‘ಗಾಬ್ಲಿನ್’ ಎಂಬ ಕುಳ್ಳ ಪಿಶಾಚಿಗಳು. ಅವನು ಮೊದಲ ಗಾಬ್ಲಿನ್ ಇಳಿಸಿದ. ನಾನು ಕೌಂಟರ್. ಎರಡನೆಯದು ಇಳಿಸಿದ. ಮತ್ತೆ ಕೌಂಟರ್. ಮೂರನೆಯದಕ್ಕೆ ನನ್ನ ಕೈಯಲ್ಲಿ ತಡೆ ಉಳಿದಿರಲಿಲ್ಲ. ಹೀಗೆ ಒಂದಲ್ಲ, ಒಂಬತ್ತು ಆಟ ಸೋತೆ. ಒಂಬತ್ತನೆಯದು ಮುಗಿದಾಗ ಅವನು ಎಲೆ ಜೋಡಿಸುತ್ತ ಹೇಳಿದ: ‘ತಾತ, ಕಂಟ್ರೋಲ್ ಅಂದ್ರೆ ಎಲ್ಲಾ ಸ್ಟಾಪ್ ಮಾಡೋದಲ್ಲ. ಚಿಕ್ಕದು ಬಿಡು. ನಿನ್ನ ಹತ್ರ ಟ್ವೆಂಟಿ ಲೈಫ್ ಇದೆ. ಲಾಸ್ಟ್ ಒಂದೇ ಇಂಪಾರ್ಟೆಂಟ್.’

ಬ್ಯಾಲಾರ್ಡ್‌ನ ತೂಬು

ಆ ಶನಿವಾರ ಬ್ಯಾಲಾರ್ಡ್‌ಗೆ ಹೋದೆವು. ಒಂದು ಕಾಲಕ್ಕೆ ಸ್ಕ್ಯಾಂಡಿನೇವಿಯಾದಿಂದ ಬಂದ ಬೆಸ್ತರು ನೆಲೆಸಿದ್ದ ಬೇರೆಯೇ ಊರು ಇದು. 1907ರಲ್ಲಿ ಸಿಯಾಟಲ್‌ಗೆ ಸೇರಿತು. ಇಲ್ಲಿ ‘ಮಾಕ್ಸ್ ಬೋರ್ಡಿಂಗ್ ಹೌಸ್’ ಎಂಬ ಅಂಗಡಿಯಿದೆ. ಒಂದೆಡೆ ಆಟದ ಸಾಮಾನು, ಒಂದೆಡೆ ಊಟ, ನಡುವೆ ಮರದ ಮೇಜುಗಳ ಮೇಲೆ ಆಟ. ಆದರೆ ಆಟಕ್ಕೆ ಮುಂಚೆ ನನ್ನ ಹಟಕ್ಕೆ ಮಣಿದು ಮೊಮ್ಮಗ ಅಲ್ಲಿನ ಹಡಗಿನ ತೂಬುಗಳನ್ನು ತೋರಿಸಿದ.

1917ರಲ್ಲಿ ತೆರೆದ ಈ ತೂಬುಗಳು ಸರೋವರದ ಸಿಹಿನೀರನ್ನು ಸಮುದ್ರಕ್ಕಿಂತ ಸುಮಾರು ಇಪ್ಪತ್ತು ಅಡಿ ಎತ್ತರದಲ್ಲಿ ಹಿಡಿದಿಟ್ಟಿವೆ. ದೋಣಿ ಬಂದರೆ ಒಳಗೆ ಬಿಟ್ಟುಕೊಂಡು, ಗೇಟು ಮುಚ್ಚಿ, ನೀರು ಏರಿಸಿ ಅಥವಾ ಇಳಿಸಿ, ಆಚೆ ಬದಿಯ ಗೇಟು ತೆರೆಯುತ್ತಾರೆ. ಗಡಿಬಿಡಿಯೇ ಇಲ್ಲ. ಪಕ್ಕದಲ್ಲೇ ಸಾಲ್ಮನ್ ಮೀನುಗಳಿಗೆ 21 ಮೆಟ್ಟಿಲಿನ ನೀರಿನ ಏಣಿ. ನೆಲದಡಿಯ ಕೋಣೆಗಿಳಿದರೆ ಗಾಜಿನಾಚೆ, ಮೊಟ್ಟೆಯಿಡಲು ಹುಟ್ಟಿದ ಹೊಳೆಗೆ ವಾಪಸಾಗುವ ಮೀನುಗಳು ಪ್ರವಾಹಕ್ಕೆ ಎದುರಾಗಿ ಈಜುವುದು ಕಾಣುತ್ತದೆ.

ಅಲ್ಲಿ ನಿಂತಾಗ ನನಗೆ ತುಂಗಭದ್ರೆ ನೆನಪಾಯಿತು. ಅದೇ ವರ್ಷ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಗಿತ್ತು. ಆಗ ಮಾಡಿದ್ದೇನು? ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ಜೋಪಾನ ಮಾಡಿದ ನೀರನ್ನು ಹೊಳೆಗೆ ಬಿಟ್ಟರು. ಅಣೆಕಟ್ಟು ಉಳಿಯಬೇಕಾದರೆ ನೀರು ಬಿಡಲೇಬೇಕು. ಗೇಟು ಇರುವುದು ಮುಚ್ಚುವುದಕ್ಕಷ್ಟೇ ಅಲ್ಲ, ತೆರೆಯುವುದಕ್ಕೂ ಹೌದು. ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡು ಮಾಡಿದ ಕೆಲಸವನ್ನು ಹುಡುಗನೊಬ್ಬ ಎಲೆಯಾಟದಲ್ಲಿ ನೆನಪಿಸಬೇಕಾಯಿತು.

ಅಂಗಡಿಯಲ್ಲಿ ನನಗೆ ಸಿಕ್ಕ ಎದುರಾಳಿ ನನ್ನ ಮಗನ ವಯಸ್ಸಿನವನು, ಅವನದೂ ಕೆಂಪು ಕಟ್ಟು. ಈ ಸಲ ಮೊದಲ ಗಾಬ್ಲಿನ್ ಬಂದಾಗ ಸುಮ್ಮನಿದ್ದೆ. ಎರಡನೆಯದಕ್ಕೂ ಸುಮ್ಮನಿದ್ದೆ. ಆಯುಷ್ಯ 20ರಿಂದ 17ಕ್ಕೆ, 12ಕ್ಕೆ ಇಳಿಯಿತು. ಮೊಮ್ಮಗ ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದ. ನಾಲ್ಕು ಗಾಬ್ಲಿನ್‌ಗಳು ಮೇಜಿನ ಮೇಲೆ ಸೇರಿದ ಮೇಲೆ ದೇವರ ಕೋಪ ಇಳಿಸಿದೆ. ನನ್ನದು ಒಂದು ಎಲೆ ಖರ್ಚು, ಅವನದು ನಾಲ್ಕು! ಕಂಟ್ರೋಲ್ ಡೆಕ್ಕಿನ ಗುಟ್ಟೆಲ್ಲ ಈ ಲೆಕ್ಕದಲ್ಲಿದೆ. ಒಂದಕ್ಕೆ ಒಂದು ಕೊಟ್ಟರೆ ಸಮ. ಒಂದು ಕೊಟ್ಟು ನಾಲ್ಕು ಪಡೆದರೆ ಗೆಲುವು ನಿಧಾನವಾಗಿ ನಿಮ್ಮತ್ತ ವಾಲುತ್ತದೆ.

ನನ್ನ ಆಯುಷ್ಯ 3ಕ್ಕೆ ಬಂದಾಗ ದೇವಕನ್ಯೆ ಸಿಕ್ಕಳು. ಆಕೆ ಹಾರಿಹೋಗಿ ಒಂದು ಸಲಕ್ಕೆ 4 ಅಂಕ ಕಳೆಯುತ್ತಾಳೆ. ದಾಳಿಗೆ ಹೋದರೂ ಮನೆಯ ಕಾವಲು ಬಿಡುವುದಿಲ್ಲ. 20 ಅಂಕಕ್ಕೆ ಐದು ದಾಳಿ ಬೇಕು. ನಡುವೆ ಅವನು ಮತ್ತೊಂದು ಗಾಬ್ಲಿನ್ ಇಳಿಸಿ ನನ್ನ ಮುಖ ನೋಡಿದ. ಕೈಯಲ್ಲಿ ಒಂದೇ ಕೌಂಟರ್‌ಸ್ಪೆಲ್. ಬಿಟ್ಟೆ. ಕಾವಲಿಗೆ ದೇವಕನ್ಯೆ ಇದ್ದಾಳಲ್ಲ. ನಾಲ್ಕನೇ ದಾಳಿಯ ನಂತರ ಅವನು ‘ಲೈಟ್ನಿಂಗ್ ಬೋಲ್ಟ್’ ಎಂಬ ಸಿಡಿಲು ಹಾಕಿದ. ಅದರ ಏಟು ಸರಿಯಾಗಿ 3.

‘ಬೇಡ’ ಎಂದೆ, ಅಚ್ಚಗನ್ನಡದಲ್ಲಿ. ಎಲೆ ಕೆಳಗಿಟ್ಟೆ. ಎದುರಿನವನಿಗೆ ಅರ್ಥವಾಯಿತು. ಮುಂದಿನ ಸರದಿಯಲ್ಲಿ ದೇವಕನ್ಯೆ ಐದನೇ ಸಲ ಹಾರಿದಳು. ಅವನು ನಕ್ಕು ಕೈ ಕುಲುಕಿದ. ಮೊಮ್ಮಗ ಏನೂ ಹೇಳಲಿಲ್ಲ. ನನ್ನ ಎಲೆಗಳನ್ನೆಲ್ಲ ತಾನೇ ಜೋಡಿಸಿ ಡಬ್ಬಿಗೆ ಹಾಕಿದ.

ಊಟದ ಮೇಜಿನಲ್ಲಿ

ಹೊರಡುವ ಹಿಂದಿನ ವಾರ ಮಗ ಮತ್ತೆ ಪಟ್ಟಿ ತೆಗೆದ. ಹೊರಗೆ ಅಲ್ಲಿನ ಹೆಸರಾಂತ ಜಿಟಿಜಿಟಿ ಮಳೆ ಶುರುವಾಗಿತ್ತು. ಕಿವಿಯ ಯಂತ್ರ? ಆಗಲಿ ಎಂದೆ. ಮಗ ತಲೆಯೆತ್ತಿ ನೋಡಿದ. ಬಚ್ಚಲ ಹಿಡಿಕೆ? ಹಾಕಿಸೋಣ. ಮಹಡಿಗೆ ಬಾಡಿಗೆಯವರು? ಒಳ್ಳೆಯ ಜನ ಸಿಕ್ಕರೆ ಬರಲಿ. ಅಡುಗೆಯವರು? ಒಂದು ಹೊತ್ತಿಗೆ. ಸೊಸೆ ಸೌಟು ಹಿಡಿದು ನಿಂತೇ ಇದ್ದಳು.

‘ಮನೆ?’ ಎಂದ ಮಗ.

‘ಅದು ಬೇಡಪ್ಪ’ ಎಂದೆ. ‘ನಿಮ್ಮಮ್ಮ ನೆಟ್ಟ ಸಂಪಿಗೆ ಇನ್ನೂ ಹೂ ಬಿಟ್ಟಿಲ್ಲ.’

ಹಿಂದೆಲ್ಲ ಈ ಮಾತಿಗೆ ವಾದ ಎದ್ದೇಳುತ್ತಿತ್ತು. ಅಂದು ಏಳಲಿಲ್ಲ. ಐದು ಮಾತಿನಲ್ಲಿ ನಾಲ್ಕಕ್ಕೆ ಹೂಂ ಎಂದವನ ಒಂದು ಬೇಡಕ್ಕೆ ಎಷ್ಟು ತೂಕವಿರುತ್ತದೆಂದು ನನಗೆ ಆವತ್ತು ತಿಳಿಯಿತು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಆಯ್ತು’ ಎಂದ. ಮೊಮ್ಮಗ ಅನ್ನ ಕಲಸುತ್ತಲೇ, ‘ಗುಡ್ ಕೌಂಟರ್, ತಾತ’ ಎಂದ. ಅವನ ಅಪ್ಪನಿಗೆ ಅದು ಅರ್ಥವಾಗಲಿಲ್ಲ.

ಈಗ ಶಿವಮೊಗ್ಗದಲ್ಲಿದ್ದೇನೆ. ಮಹಡಿಗೆ ಒಂದು ಸಂಸಾರ ಬಂದಿದೆ. ಅವರ ಹುಡುಗ ಸಂಜೆ ಇಳಿದುಬಂದು, ‘ಅಜ್ಜ, ಆಟ?’ ಎನ್ನುತ್ತಾನೆ. ಅದು ನನ್ನ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ. ಅಂಗಡಿಯಲ್ಲಿ ಸಿಗದ ಎಲೆಗಳಲ್ಲವೇ, ಕೊಳೆಯಾಗಬಾರದು. ಇಬ್ಬರೂ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದು ಕೂರುತ್ತೇವೆ. ನಮ್ಮಮ್ಮ ಎಲೆ ಮುಟ್ಟಿದ ಮೇಲೆ ತೊಳೆಸುತ್ತಿದ್ದಳು. ನಾನು ಮುಟ್ಟುವ ಮೊದಲೇ ತೊಳೆಯುತ್ತೇನೆ.