ಗುಂದ್ರುಕ್

ಬೀದರಿನಲ್ಲಿ ನೇಪಾಳದ ಊಟ ಸಿಗುತ್ತದೆಂದು ಮಗ ಹೇಳಿದಾಗ ನಾನು ನಕ್ಕುಬಿಟ್ಟೆ. ಔರಾದಿನಿಂದ ಬಂದು, ಸಂಜೆ ಭಾಲ್ಕಿಗೆ ನನ್ನ ತಂಗಿಯ ಮನೆಗೆ ಹೊರಡಬೇಕಿದ್ದ ಅವ್ವ ಮಾತ್ರ, ಗಂಟನ್ನು ಕಂಕುಳಿಗೇರಿಸಿ, “ಹಸಿವಿ ಆಗ್ಯಾದ, ನಡೀರಿ” ಎಂದಳು.

ಗಾಜಿನ ಬಾಗಿಲು, ಬಣ್ಣದ ದೀಪ. ಖಾನಾವಳಿಯ ಹಳೆಯ ಗಿರಾಕಿಯಾದ ನಾನು ಕೈತೊಳೆಯುವ ಜಾಗ ಹುಡುಕುವಷ್ಟರಲ್ಲಿ ಮೋಮೊ ಬಂತು. ಅವ್ವ ಒಂದನ್ನೆತ್ತಿ, ನೆರಿಗೆಗಳನ್ನು ಪರೀಕ್ಷಿಸಿ, “ಇದು ಕಡಬೇ ಅದ. ಎಳ್ಳಮವಾಸಿಗಿ ಹೊಲಕ್ಕ ಒಯ್ತೇವಲ್ಲ” ಎಂದು ತೀರ್ಪಿತ್ತಳು. ಚಟ್ನಿಯಲ್ಲಿ ಟಿಮೂರ್ ಎಂಬ ಬೆಟ್ಟದ ಕಾಳು. ಕರಾವಳಿಯವರ ಜುಮ್ಮನಕಾಯಿಯ ದಾಯಾದಿ. ನಾಲಗೆ ನಿಜವಾಗಿಯೂ ಜುಮ್ಮೆಂದಿತು.

ಆಮೇಲೆ ಅನ್ನ, ಬೇಳೆ, ಗುಂದ್ರುಕ್. ಸೊಪ್ಪನ್ನು ಹುಳಿ ಬರಿಸಿ, ಬಿಸಿಲಿಗೆ ಒಣಗಿಸಿ, ಚಳಿಗಾಲಕ್ಕೆ ಕೂಡಿಡುವ ಪದಾರ್ಥ. ನಮ್ಮ ಪುಂಡಿಪಲ್ಯದ ಹುಳಿಯಲ್ಲ ಅದು. ನನಗೆ ಸೇರಲಿಲ್ಲ, ಸುಳ್ಳೇಕೆ ಹೇಳಲಿ? ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಅಡುಗೆಯ ಹುಡುಗ ಒಳಗಿನಿಂದ ನೋಡುತ್ತಿದ್ದನೇನೋ, ಹೊರಬಂದ. ಆ ಸೊಪ್ಪು ಅಂಗಡಿಯದಲ್ಲವಂತೆ. ಊರಿಗೆ ಹೋಗಿಬಂದವರ ಕೈಯಲ್ಲಿ ಅವನ ತಾಯಿ ಕಳಿಸಿದ್ದು. 1950ರ ಒಪ್ಪಂದದ ಬಲದಿಂದ ನೇಪಾಳದವರು ನಮ್ಮಲ್ಲಿ ನೆಲೆಸಿ ದುಡಿಯಬಹುದೆಂಬುದು ನನಗೆ ಗೊತ್ತಿತ್ತು. ಅವರ ತಾಯಂದಿರು ಸೊಪ್ಪು ಒಣಗಿಸುವುದು ಗೊತ್ತಿರಲಿಲ್ಲ.

ಅವ್ವ ನನ್ನ ತಟ್ಟೆಯನ್ನು ಎಳೆದುಕೊಂಡು ಎಲ್ಲವನ್ನೂ ಉಂಡಳು. ಊರಿಗೆ ಯಾವಾಗ ಹೋಗುತ್ತೀ ಎಂದು ತನ್ನ ಮುರುಕು ಹಿಂದಿಯಲ್ಲಿ ಕೇಳಿದಳು. ದಶೈಂ ಹಬ್ಬಕ್ಕೆ, ಎಂದರೆ ನಮ್ಮ ದಸರೆಗೆ, ರಜೆ ಸಿಕ್ಕರೆ. ಹೋದ ವರ್ಷ ಸಿಕ್ಕಿರಲಿಲ್ಲ.

ಅವ್ವ ಗಂಟು ಬಿಚ್ಚಿ ಶೇಂಗಾ ಹಿಂಡಿಯ ಡಬ್ಬಿಯನ್ನೇ ಅವನ ಕೈಗಿಟ್ಟಳು. ಬರಿಗೈಯಲ್ಲಿ ಹೋದರೆ ತಂಗಿ ಏನೆನ್ನುತ್ತಾಳೋ ಎಂದು ನಾನು ಭಾಲ್ಕಿಯ ಬಸ್ಸಿನಲ್ಲಿ ಯೋಚಿಸುತ್ತ ಕುಳಿತೆ. ಅವ್ವ ನಿದ್ದೆ ಹೋಗಿದ್ದಳು.